ಕರಡಿ ಆವರಣಕ್ಕೆ, ಗಿಣಿ ಪಂಜರಕ್ಕೆ ಕೃತಕ ಬಂಡೆ: ಯಾವ ಸಾಮಗ್ರಿ ಸುರಕ್ಷಿತ?

ಕಾಡಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಿರು ಮೃಗಾಲಯದಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗಬೇಕಿದೆ. ಒಂದು ಕರಡಿ ಆವರಣ: 14 ಮೀಟರ್ ಉದ್ದದ ಬಂಡೆ ಗೋಡೆ, ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 3 ಮೀಟರ್ ಎತ್ತರ. ಬುಡದಲ್ಲಿ ಕುಡಿಯುವುದಕ್ಕೂ ಮೈ ತಣಿಸಿಕೊಳ್ಳುವುದಕ್ಕೂ ಆಗುವ ಹೊಂಡ. ಇನ್ನೊಂದು ಮಕಾವ್ ಗಿಣಿಗಳ ಪಂಜರ. ಅಲ್ಲಿ ಹಿನ್ನೆಲೆಗೆ ಬಂಡೆ ಬೇಕು, ಅದರ ಮೇಲೆ ಸಣ್ಣಗೆ ನೀರು ಇಳಿಯಬೇಕು. ಪಂಜರದ ಹಿಂದಿನ ಗೋಡೆ ಹಳೆಯದು, ಹೆಚ್ಚು ಭಾರ ತಡೆಯುವುದಿಲ್ಲ.

ಬಂದಿರುವ ಕೊಟೇಶನ್ ಎರಡು. ಮೊದಲನೆಯದು ಥರ್ಮೋಕೋಲ್ ಬ್ಲಾಕ್ ಕೊರೆದು ಆಕಾರ ಕೊಟ್ಟು, ಮೇಲೆ ಫೈಬರ್‌ಗ್ಲಾಸ್ ಹೊದಿಸಿ, ಪಿಯು (ಪಾಲಿಯುರೇಥೇನ್) ಪೇಂಟ್ ಹೊಡೆಯುವುದು. ಬೇಗ ಮುಗಿಯುತ್ತದೆ, 'ನಾನ್ ಟಾಕ್ಸಿಕ್' ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುತ್ತಾರೆ. ಎರಡನೆಯದು ಕಂಬಿ, ಜಾಲರಿ ಕಟ್ಟಿ ಸಿಮೆಂಟ್ ಗಾರೆ. ದರ ಹೆಚ್ಚು, ಸಮಯವೂ ಹೆಚ್ಚು. ಯಾವುದನ್ನು ಒಪ್ಪಲಿ? ಸಿಮೆಂಟೇ ಆದರೆ ಟೆಂಡರಿನಲ್ಲಿ ಏನೇನು ಬರೆಸಬೇಕು, ಏನೇನು ಹೊಡೆದು ಹಾಕಿಸಬೇಕು? ಬಣ್ಣ ಯಾವುದು? ಹೊಂಡಕ್ಕೆ ಯಾವಾಗ ನೀರು ಬಿಡಬಹುದು?

ಗಾರೆಗಾರ

ಮೊದಲನೇ ಕೊಟೇಶನ್ ಕರಡಿಗೆ ಬೇಡವೇ ಬೇಡ. ಸರ್ಟಿಫಿಕೇಟ್ ಇರೋದು ಪೇಂಟಿಗೆ. ಕರಡಿ ಬಾಯಿಗೆ ಹೋಗೋದು ಪೇಂಟ್ ಒಡೆದ ಮೇಲೆ ಒಳಗಿಂದ ಬರೋ ಥರ್ಮೋಕೋಲ್ ಕಾಳು ಮತ್ತು ಫೈಬರ್‌ಗ್ಲಾಸ್ ಸಿಬಿರು. ಹುತ್ತ ಅಗೆಯೋದಕ್ಕೆಂದೇ ಇರುವ ಉಗುರು ಅದರದ್ದು, ಮುಂಗಾಲಿನವು ಏಳೆಂಟು ಸೆಂಟಿಮೀಟರ್ ಉದ್ದ. ಥರ್ಮೋಕೋಲ್‌ನಲ್ಲಿ ಇರುವೆ ಗೂಡು ಮಾಡುತ್ತೆ, ಇಲಿ ಕೊರೆಯುತ್ತೆ. ಇರುವೆ ಓಡಾಡೋ ಜಾಗವನ್ನು ಕರಡಿ ಕೆರೆಯದೇ ಬಿಡಲ್ಲ. ನುಂಗಿದ ಕಾಳು ಜೀರ್ಣ ಆಗಲ್ಲ, ಕರುಳಲ್ಲಿ ಕಟ್ಟಿಕೊಳ್ಳುತ್ತೆ. ಸ್ಪ್ರೇ ಫೋಮಿಗೂ ಇದೇ ಮಾತು.

ಪ್ರತಿ ಸಾಮಗ್ರಿಗೂ ಒಂದೇ ಪ್ರಶ್ನೆ ಹಾಕಿ: ಇದು ಒಡೆದ ದಿನ ಪ್ರಾಣಿಗೆ ಏನು ಸಿಗುತ್ತೆ? ಗಾರೆ ಒಡೆದರೆ ಒಳಗೂ ಗಾರೆಯೇ ಸಿಗಬೇಕು. ಸಿಮೆಂಟ್, ಮರಳು, ಕಂಬಿ, ಐರನ್ ಆಕ್ಸೈಡ್ ಪುಡಿ, ಇಷ್ಟರಲ್ಲೇ ಕರಡಿ ಮುಟ್ಟೋ ಭಾಗ ಎಲ್ಲಾ ಮುಗಿಯುತ್ತೆ. ಇದೇನು ಹೊಸ ವಿದ್ಯೆಯೂ ಅಲ್ಲ. ಹ್ಯಾಂಬರ್ಗ್‌ನಲ್ಲಿ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ತೆರೆದ ಮೃಗಾಲಯದ ಬಂಡೆಗಳೂ ಕಾಂಕ್ರೀಟಿನವೇ, ಪ್ಯಾರಿಸ್ಸಿನ ವಾನ್ಸೆನ್ ಮೃಗಾಲಯದ 65 ಮೀಟರ್ ಎತ್ತರದ ಬಂಡೆಯೂ (1934) ಒಳಗೆ ಟೊಳ್ಳಿರುವ ಕಾಂಕ್ರೀಟೇ.

ಈಗ ಕೆಲಸದ ಕ್ರಮ. 3 ಮೀಟರ್ ಎತ್ತರವನ್ನು ಬಂಡೆಯೇ ಹೊತ್ತು ನಿಲ್ಲಬೇಕು ಅಂತ ಹೋಗಬೇಡಿ. ಹಿಂದೆ ಆರ್‌ಸಿಸಿ ಅಥವಾ ಸೈಜು ಕಲ್ಲಿನ ಗೋಡೆ ಮೊದಲು ಏಳಲಿ, ಅದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಇರಲಿ. ಬಂಡೆ ಅದರ ಮೈಮೇಲಿನ ಚರ್ಮ ಅಷ್ಟೇ. ಗೋಡೆಯಿಂದ 12 ಮಿ.ಮೀ. ಕಂಬಿ ಎರಡಡಿಗೊಂದರಂತೆ ಹೊರಗೆ ಬಿಡಿಸಿ, ಅದಕ್ಕೆ 10 ಮಿ.ಮೀ. ಕಂಬಿ ಅಡ್ಡ ಉದ್ದ 200 ಮಿ.ಮೀ. ಅಂತರದಲ್ಲಿ ಕಟ್ಟಿ, ಆಕಾರಕ್ಕೆ 6 ಮಿ.ಮೀ. ಕಂಬಿ ಬಗ್ಗಿಸಿ. ಮೇಲೆ ಅರ್ಧ ಇಂಚಿನ ಚಿಕನ್ ಮೆಷ್ ಎರಡು ಪದರ, ಒಂದರ ಕಣ್ಣು ಇನ್ನೊಂದರ ಕಣ್ಣಿನ ಮೇಲೆ ಬರದ ಹಾಗೆ. ಬೈಂಡಿಂಗ್ ವೈರ್ ಪ್ರತಿ 150 ಮಿ.ಮೀ.ಗೆ. ವೈರಿನ ತುದಿ ಎಲ್ಲಾ ಗೋಡೆ ಕಡೆಗೆ ಮಡಚಿರಬೇಕು. ಇದನ್ನು ಗಾರೆ ಹಾಕೋ ಮೊದಲು ಕೈಯಾಡಿಸಿ ನೋಡಿ, ಆಮೇಲೆ ನೋಡೋಕೆ ಆಗಲ್ಲ.

ಮೊದಲ ಪದರ 1:3 ಗಾರೆ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು), 15-20 ಮಿ.ಮೀ., ಜಾಲರಿಯ ಹಿಂದಕ್ಕೂ ನುಗ್ಗೋ ಹಾಗೆ ಒತ್ತಿ ಹಾಕಬೇಕು. ಹಿಂದೆ ಟೊಳ್ಳು ಉಳಿದರೆ ಜಾಲರಿ ಅಲ್ಲಿಂದಲೇ ತುಕ್ಕು ಹಿಡಿಯೋದು. ಮೈ ಗಟ್ಟಿಯಾಗೋ ಮುಂಚೆ ಗೀರು ಎಳೆದು ಬಿಡಿ. ಮಾರನೇ ದಿನ ಎರಡನೇ ಪದರ, ಅದರ ಮೇಲೆ 25-40 ಮಿ.ಮೀ. ಕೆತ್ತೋ ಪದರ. ಒಟ್ಟು ಸರಾಸರಿ 75 ಮಿ.ಮೀ. ಬರಬೇಕು. ಕಂಬಿಯ ಮೇಲೆ ಎಲ್ಲೂ 25 ಮಿ.ಮೀ.ಗಿಂತ ಕಡಿಮೆ ಗಾರೆ ಇರಬಾರದು, ನೀರಿನ ಅಂಚಿನಲ್ಲಿ 40. ಬಿರುಕು, ಸಂದು ಕೆತ್ತುವಾಗ ಮೇಸ್ತ್ರಿಗಳು ಹುಮ್ಮಸ್ಸಿನಲ್ಲಿ ಕಂಬಿವರೆಗೂ ಇಳಿದುಬಿಡ್ತಾರೆ. ಸಂದು ಬೇಕಾದ ಕಡೆ ಕಂಬಿಯನ್ನೇ ಮೊದಲು ಒಳಕ್ಕೆ ಬಗ್ಗಿಸಿಟ್ಟಿರಬೇಕು.

ನೀರು 50 ಕೆ.ಜಿ.ಯ ಸಿಮೆಂಟ್ ಮೂಟೆಗೆ 22 ಲೀಟರ್ ಮೀರಬಾರದು, ಮರಳಿನ ಹಸಿಯೂ ಈ ಲೆಕ್ಕದೊಳಗೇ. ಸಡಿಲ ಗಾರೆ ಹಚ್ಚೋಕೆ ಸುಲಭ, ಒಣಗಿದ ಮೇಲೆ ಕೂದಲೆಳೆ ಬಿರುಕು, ಅದರೊಳಗೆ ಮೂತ್ರ. ಬಿರುಕು ತಡೆಯೋಕೆ 12 ಮಿ.ಮೀ. ಪಾಲಿಪ್ರೊಪಿಲೀನ್ ಎಳೆ ಮೂಟೆಗೆ 125 ಗ್ರಾಂ ಸಾಕು, ಕೊನೆಯ ಪದರಕ್ಕೆ ಮಾತ್ರ ಬೇಡ, ಎಳೆ ಮೈಮೇಲೆ ನಿಲ್ಲುತ್ತೆ.

ಲೆಕ್ಕ: 14 ಮೀಟರ್ ಉದ್ದ, ಸರಾಸರಿ 2 ಮೀಟರ್ ಎತ್ತರ ಅಂದರೆ ಹತ್ತಿರ ಹತ್ತಿರ 300 ಚದರಡಿ. ಬಂಡೆಯ ಮಡಿಕೆ, ಉಬ್ಬು ಸೇರಿ ನಿಜವಾದ ಮೈ 400-420 ಚದರಡಿ ಆಗುತ್ತೆ. ಹಾಳಾಗೋದೂ ಸೇರಿ 30 ಮೂಟೆ ಸಿಮೆಂಟ್, 110 ಸಿಎಫ್‌ಟಿ (ಘನ ಅಡಿ) ಮರಳು ಹಿಡಿಯಿರಿ. ಗೋಡೆ, ಹೊಂಡ ಇದರಲ್ಲಿ ಇಲ್ಲ. ಚಪ್ಪಟೆ ಗೋಡೆಯ ಅಳತೆಗೆ ಕೊಟೇಶನ್ ಕೊಟ್ಟಿದ್ದರೆ ಅರ್ಧ ಕೆಲಸದಲ್ಲಿ ಪದರ ತೆಳ್ಳಗಾಗುತ್ತಾ ಹೋಗುತ್ತೆ. ಅದಕ್ಕೇ ದಪ್ಪವನ್ನು ಟೆಂಡರಿನಲ್ಲಿ ಬರೆಸಿ, ಮೊಳೆ ಗುರುತು ಇಟ್ಟು ಅಳೆಯಿರಿ.

ಹೊಡೆದು ಹಾಕಿಸಬೇಕಾದ್ದು: ಸಮುದ್ರದ ಮರಳು, ಕ್ಯಾಲ್ಸಿಯಂ ಕ್ಲೋರೈಡ್ ಇರೋ ಬೇಗ ಗಟ್ಟಿಯಾಗಿಸೋ ಮಿಶ್ರಣ, ಎರಡೂ ಕಂಬಿ ತಿನ್ನುತ್ತವೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎಲ್ಲೂ ಬೇಡ, ತೇವದಲ್ಲಿ ಮೆತ್ತಗಾಗುತ್ತೆ, ಸಿಮೆಂಟ್ ಜೊತೆ ಸೇರಿದರೆ ಉಬ್ಬಿ ಪದರ ಎಬ್ಬಿಸುತ್ತೆ. ಹಿಂಬದಿ ಆಧಾರಕ್ಕೆ ಹಳೇ ಸಿಮೆಂಟ್ ಶೀಟಿನ ತುಂಡು ತುರುಕೋ ಅಭ್ಯಾಸ ಇದೆ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತೆ. ಅಚ್ಚು ಒತ್ತುವಾಗ ಅಂಟದಿರಲಿ ಅಂತ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯೋದಂತೂ ಎಲ್ಲಾ ಸೈಟಿನಲ್ಲೂ ಇದ್ದದ್ದೇ. ಸೋಪಿನ ನೀರು ಸಾಕು. ಆಯಿಲ್ ಬಿದ್ದ ಜಾಗದಲ್ಲಿ ಬಣ್ಣವೂ ಹಿಡಿಯಲ್ಲ, ಅದನ್ನು ಕರಡಿ ನೆಕ್ಕುತ್ತೆ ಬೇರೆ.

ಕ್ಯೂರಿಂಗ್, ಅಂದರೆ ಗಾರೆ ಗಟ್ಟಿಯಾಗೋವರೆಗೆ ಒದ್ದೆ ಇಡೋದು, ಒದ್ದೆ ಗೋಣಿಚೀಲ ಹೊದಿಸಿಯೇ ಆಗಲಿ, ಮೇಲೆ ಬಳಿಯೋ ಕ್ಯೂರಿಂಗ್ ಕಾಂಪೌಂಡ್ ಬೇಡ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಒಪಿಸಿಗೆ (ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್) ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10. ಬಿಸಿ ಒಣ ಹವೆಯಲ್ಲಿ 10 ಮತ್ತು 14.

ವನವೈದ್ಯೆ

ಗಾರೆಗಾರ ಅವರು ಹೇಳಿದ್ದಕ್ಕೆ ಪ್ರಾಣಿಯ ಕಡೆಯಿಂದ ಕೆಲವು ಸೇರಿಸುತ್ತೇನೆ.

ಎಲ್ಲಕ್ಕಿಂತ ಮೊದಲು ಅಂದಾಜುಪಟ್ಟಿ ತೆಗೆದು 'ಗೆದ್ದಲು ನಿರೋಧಕ ಉಪಚಾರ' ಎಂಬ ಸಾಲು ಇದೆಯೇ ನೋಡಿ. ಕಟ್ಟಡದ ಕೆಲಸ ಎಂದಾಕ್ಷಣ ಅದು ತಾನಾಗಿ ಸೇರಿಕೊಳ್ಳುತ್ತದೆ. ಪಾಯದ ಮಣ್ಣಿಗೆ ಸುರಿಯುವುದು ಕ್ಲೋರ್‌ಪೈರಿಫಾಸ್ ಅಥವಾ ಇಮಿಡಾಕ್ಲೋಪ್ರಿಡ್. ನಮ್ಮ ಕರಡಿ ಅದೇ ಮಣ್ಣಿಗೆ ಮೂತಿ ಇಟ್ಟು ಗೆದ್ದಲು ಹೀರುವ ಪ್ರಾಣಿ. ಮೇಲಿನ ನಡು ಬಾಚಿಹಲ್ಲು ಎರಡು ಇಲ್ಲದಿರುವುದೂ ಈ ಹೀರುವಿಕೆಗೆ ಅನುಕೂಲವಾಗಿಯೇ. ಆವರಣದ ಒಳಗೆ, ಬಂಡೆಯ ಬುಡದಲ್ಲಿ ಈ ಉಪಚಾರ ಪೂರ್ತಿ ರದ್ದಾಗಬೇಕು. ಬಂಡೆಯಲ್ಲಿ ಮರ ಇಲ್ಲ, ಗೆದ್ದಲಿಗೆ ತಿನ್ನಲು ಏನೂ ಇಲ್ಲ.

ಬಣ್ಣದ ವಿಷಯ. ನಮ್ಮ ಮನೆಗಳ ನೆಲಕ್ಕೆ ಬಳಸುತ್ತಿದ್ದ ರೆಡ್ ಆಕ್ಸೈಡ್ ಪುಡಿ ಇದೆಯಲ್ಲ, ಅದು ಐರನ್ ಆಕ್ಸೈಡ್, ಬಳಸಬಹುದು. ಆದರೆ ಅಂಗಡಿಯಲ್ಲಿ 'ರೆಡ್ ಆಕ್ಸೈಡ್' ಎಂದು ಕೇಳಿದರೆ ಕಬ್ಬಿಣಕ್ಕೆ ಹೊಡೆಯುವ ಪ್ರೈಮರ್ ಡಬ್ಬ ಕೊಡುವುದುಂಟು. ಐಎಸ್ 2074ರ ಪ್ರೈಮರ್ ಎಂದರೆ ಅದು ರೆಡ್ ಆಕ್ಸೈಡ್ ಜೊತೆಗೆ ಜಿಂಕ್ ಕ್ರೋಮೇಟ್. ಎರಡೂ ಒಂದೇ ಎಂದುಕೊಂಡು ಗೇಟಿಗೆ, ಬಂಡೆಯಿಂದ ಹೊರಬಂದ ಕಂಬಿಗೆ ಅದನ್ನೇ ಬಳಿದರೆ ಕ್ರೋಮೇಟ್ ನೇರ ನಾಲಗೆಗೆ. ಹಳದಿ, ಕಿತ್ತಳೆಗೆ ಯೆಲ್ಲೋ ಐರನ್ ಆಕ್ಸೈಡ್ ಬೇಕು, ಲೆಡ್ ಕ್ರೋಮೇಟ್ ಇರುವ ಕ್ರೋಮ್ ಯೆಲ್ಲೋ ಬೇಡ. ಕಪ್ಪಿಗೆ ಬ್ಲ್ಯಾಕ್ ಐರನ್ ಆಕ್ಸೈಡ್. ಆಸಿಡ್ ಸ್ಟೇನ್ ಎಂದು ಬರುವವುಗಳಲ್ಲಿ ತಾಮ್ರ, ಕ್ರೋಮಿಯಂ ಲವಣಗಳಿರುತ್ತವೆ. ಹೊಂಡಕ್ಕೆ ಮೀನು ಬಿಡುವ ಯೋಚನೆ ಇದ್ದರಂತೂ ತಾಮ್ರ ಸ್ವಲ್ಪವೂ ಸಲ್ಲದು. ಪಾಚಿಗೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವುದೂ ಇದೇ ಕಾರಣಕ್ಕೆ ಬೇಡ.

ಮೈ ಎಷ್ಟು ಒರಟಿರಬೇಕು ಎಂಬುದನ್ನು ಯಾರೂ ಬರೆಸುವುದಿಲ್ಲ. ನಡೆಯುವ ಜಾಗ ಜಾರದಷ್ಟು ಒರಟಾಗಿರಲಿ, ಮಲಗುವ ಚಪ್ಪಟೆ ಜಾಗವನ್ನು ಕರಣೆಯಿಂದ ನಯ ಮಾಡಿಸಿ, ಸ್ಪಂಜಿನಿಂದ ಒರೆಸಿ ಬಿಡಿ. ಮರಳಿನ ಕಾಳು ಎದ್ದು ನಿಂತ ಮೈ ಮೇಲೆ ದಿನವೂ ತಿರುಗಾಡಿದರೆ ಪಾದದ ಮೆತ್ತೆ ಸವೆದು ಹುಣ್ಣಾಗುತ್ತದೆ. ಗಿಣಿಗಳಿಗೂ ಹಾಗೆಯೇ, ಒರಟು ಕಾಂಕ್ರೀಟಿನ ಅಂಚಿನಲ್ಲಿ ಕೂತು ಕೂತು ಅಂಗಾಲು ಬಾವು ಬರುತ್ತದೆ, ಕೂರಲು ಮರದ ಕೊಂಬೆಯೇ ಇರಲಿ. ಗಾಢ ಬಣ್ಣದ ಬಂಡೆ ಏಪ್ರಿಲ್ ಬಿಸಿಲಿಗೆ ಕಾಯುವುದು ತಿಳಿ ಬೂದಿಗಿಂತ ಬಹಳ ಹೆಚ್ಚು. ಮಲಗುವ ಜಾಗಕ್ಕೆ ಮಧ್ಯಾಹ್ನದ ನೆರಳು ಬೀಳುವಂತೆ ಮೊದಲೇ ಗುರುತು ಮಾಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಮೈ ಎಷ್ಟು ಕಾದಿದೆ ಎಂದು ನೋಡುವುದು ಕ್ಷಣದ ಕೆಲಸ.

ಕೆಲಸ ಮುಗಿದ ಮೇಲೆ ನೆಲಕ್ಕೆಲ್ಲ ಮ್ಯಾಗ್ನೆಟ್ ಆಡಿಸಿ. ಕತ್ತರಿಸಿ ಬಿಸಾಕಿದ ಬೈಂಡಿಂಗ್ ವೈರ್ ತುಂಡು ಮಣ್ಣಿನಲ್ಲಿ ರಾಶಿ ಇರುತ್ತದೆ. ಪಕ್ಕದಲ್ಲಿ ಜಿಂಕೆ, ಕಡವೆ ಇದ್ದರೆ ಅಲ್ಲಿಗೂ ಹೋಗಿ ಬನ್ನಿ. ಮೆಲುಕು ಹಾಕುವ ಪ್ರಾಣಿ ನುಂಗಿದ ತಂತಿ ಹೊಟ್ಟೆಯ ಗೋಡೆ ತೂರಿ ಹೃದಯದ ಪೊರೆಗೆ ಚುಚ್ಚಬಲ್ಲದು.

ಬಲದಂಡೆ

ನಿಮ್ಮ ಊರು ಯಾವುದ್ರಿ? ಹೊಸಪೇಟೆ, ಕೊಪ್ಪಳ, ರಾಯಚೂರ ಕಡೆ ಆದ್ರ ಖರೇ ಕಲ್ಲ ಬಿಟ್ಟು ಸಿಮೆಂಟಿನ ಕಲ್ಲ ಯಾಕ ಮಾಡಸ್ತೀರಿ? ದರೋಜಿ ಕರಡಿಧಾಮದಾಗ ಕರಡಿ ಇರೂದು ಗುಂಡುಗಲ್ಲಿನ ಗುಡ್ಡದಾಗ. ಕರಡಿ ಮುಟ್ಟೂ ಎತ್ತರದತನಕ ಖರೇ ಗುಂಡು ಇಡ್ರಿ, ಮ್ಯಾಲಿಂದು, ಬಾಗಿಲಾ ಮುಚ್ಚೂದು ಅಷ್ಟ ಗಾರಿಯಿಂದ ಮಾಡ್ರಿ.

ಲೆಕ್ಕ ಮಾತ್ರ ಇರಲಿ. ಗ್ರಾನೈಟ್ ಒಂದು ಘನ ಮೀಟರಿಗೆ 2.6-2.7 ಟನ್. ಜೆಸಿಬಿಗೆ ಆಗೂದಿಲ್ಲ, ಹೈಡ್ರಾ ಕ್ರೇನ್ ಬೇಕು, ಅದು ಒಳಗ ಬರೂ ದಾರಿ ಗೋಡೆ ಕಟ್ಟೂಕಿಂತ ಮೊದಲ ಬಿಡಬೇಕು. ಮಣ್ಣಿನ ಮ್ಯಾಲ ಹಂಗ ಇಡಬ್ಯಾಡ್ರಿ. ಕರಡಿ ಬುಡಾ ಅಗದು ಅಗದು ಕಲ್ಲ ಉರಳಸ್ತದ. ಕಾಂಕ್ರೀಟ್ ಹಾಸಿನ ಮ್ಯಾಲ ಕೂಡಿಸಿ, ಮೂರನೇ ಒಂದು ಪಾಲು ನೆಲದಾಗ ಹುಗೀರಿ. ಕ್ವಾರಿ ಕಲ್ಲಾದ್ರ ಅಂಚು ಚೂಪ ಇರ್ತಾವ, ಚಾಣದಿಂದ ಹೊಡಿಸಿ ಮೊಂಡ ಮಾಡಸ್ರಿ. ಹೊಲದಾಗಿನ, ಗೋಮಾಳದಾಗಿನ ಗುಂಡು ಎತ್ತಬೇಕಂದ್ರ ಗಣಿ ಮತ್ತು ಭೂವಿಜ್ಞಾನ ಇಲಾಖೆ ಪರವಾನಗಿ ಬೇಕು, ಅದನ್ನ ಗುತ್ತಿಗೆದಾರರ ಕೈಯಾಗ ಬಿಡಬ್ಯಾಡ್ರಿ.

ನೀರಿನ ಪಸೆ

ಹೊಂಡದ ಬಗ್ಗೆ ಮಾತ್ರ ಹೇಳುವೆ.

ಹೊಸ ಸಿಮೆಂಟಿನಿಂದ ಸುಣ್ಣ ನೀರಿಗೆ ಇಳಿಯುತ್ತದೆ. ಸುಣ್ಣ ತುಂಬಿದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಎಂದರೆ ಸಮ) 12.4ರವರೆಗೆ ಹೋಗುತ್ತದೆ. ಅದು ಬಾಯಿ, ಕಣ್ಣು ಸುಡುವ ನೀರು. ಕುಡಿಯುವ ನೀರಿನ ಮಾನದಂಡ ಐಎಸ್ 10500 ಹೇಳುವುದು 6.5ರಿಂದ 8.5. ಅಲ್ಲಿಗೆ ತಲುಪುವ ತನಕ ಪ್ರಾಣಿ ಬಿಡಬಾರದು.

ಹೊಂಡದ ಮೈಗೆ ಒಪಿಸಿ ಬದಲು ಪಿಪಿಸಿ ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆಸಿದ ಸಿಮೆಂಟ್ ಬಳಸಿ. ಹಾರುಬೂದಿ ಸಿಮೆಂಟಿನ ಸುಣ್ಣವನ್ನು ತಾನೇ ಹಿಡಿದುಕೊಳ್ಳುತ್ತದೆ, ನೀರಿಗೆ ಇಳಿಯುವುದು ಕಡಿಮೆಯಾಗುತ್ತದೆ. ನಿಧಾನದ ಕೆಲಸ, ಆದ್ದರಿಂದ 14 ದಿನ ಒದ್ದೆ ಕ್ಯೂರಿಂಗ್ ಬಿಡಬೇಡಿ. ಆಮೇಲೆ ಅಂಚಿನವರೆಗೆ ನೀರು ತುಂಬಿ, ಮೂರು ದಿನ ಬಿಟ್ಟು, ಪೂರ್ತಿ ಖಾಲಿ ಮಾಡಿ, ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿ ತೊಳೆಯಿರಿ. ಹೀಗೆ ನಾಲ್ಕೈದು ಸಲ. ಪ್ರತಿ ಸಲ ಖಾಲಿ ಮಾಡುವ ಮುನ್ನ ಪಿಎಚ್ ನೋಡಿ, ತಂದು ಹಾಕಿದ ನೀರಿನ ಪಿಎಚ್ ಸಹ ಬರೆದಿಡಿ. ಕೊಳವೆಬಾವಿ ನೀರೇ 8.2 ಇದ್ದರೆ ತಪ್ಪು ಹೊಂಡದ್ದಲ್ಲ.

ಅವಸರಕ್ಕೆ ಆಸಿಡ್ ಸುರಿದು ಪಿಎಚ್ ಇಳಿಸುತ್ತಾರೆ. ಸ್ಟ್ರಿಪ್ ಅಂದು 7 ತೋರಿಸುತ್ತದೆ, ಎರಡು ದಿನ ಬಿಟ್ಟು ನೋಡಿದರೆ ಮತ್ತೆ 10. ಆಸಿಡ್ ನೀರನ್ನು ಸರಿಮಾಡಿತೇ ಹೊರತು ಗೋಡೆಯಿಂದ ಇಳಿಯುವ ಸುಣ್ಣವನ್ನು ನಿಲ್ಲಿಸಲಿಲ್ಲ. ಜೊತೆಗೆ ಮೈ ತಿಂದು ಮರಳು ಎದ್ದಿರುತ್ತದೆ. ಉಜ್ಜುವಾಗ ವಿನೆಗರ್ ಬೆರೆಸಿದ ನೀರು ಬಳಸಬಹುದು, ಅಷ್ಟೇ. ಪರೀಕ್ಷೆ ಯಾವಾಗಲೂ 48 ಗಂಟೆ ನಿಂತ ನೀರಿನ ಮೇಲೆ.

ವಾಟರ್‌ಪ್ರೂಫಿಂಗಿಗೆ ಕುಡಿಯುವ ನೀರಿನ ತೊಟ್ಟಿಗೆ ಹಾಕುವ, ಸಿಮೆಂಟ್ ಆಧಾರಿತ ಪದಾರ್ಥವೇ ಆಗಲಿ. ಕೋಲ್ ಟಾರ್ ಎಪಾಕ್ಸಿ ಒಳಗೆ ಬೇಡ. ಪೈಪು ಗೋಡೆ ತೂರುವ ಕಡೆ ಸೀಲಂಟ್ ಹಾಕುವುದಾದರೆ 20 ಮಿ.ಮೀ. ಒಳಗೆ ಹಾಕಿ ಮೇಲೆ ಗಾರೆ ಮುಚ್ಚಿ. ರಬ್ಬರಿನಂತೆ ಎಳೆಯಲು ಬಂದದ್ದನ್ನೆಲ್ಲ ಕರಡಿ ಎಳೆಯುತ್ತದೆ. ಒಂದು ಬದಿ ಪೂರ್ತಿ ಇಳಿಜಾರು ಇರಲಿ, ಮರಿ ಇದ್ದರೂ ನಡೆದು ಮೇಲೆ ಬರುವಷ್ಟು. ತಳದಲ್ಲಿ 100 ಮಿ.ಮೀ. ಡ್ರೈನ್ ಇಲ್ಲದ ಹೊಂಡವನ್ನು ಆಮೇಲೆ ಯಾರೂ ತೊಳೆಯುವುದಿಲ್ಲ.

ಕಾಡಂಚು

ಬಹಳ ಉಪಕಾರವಾಯಿತು. ನಮ್ಮದು ಮಲೆನಾಡಿನ ಅಂಚು, ಇಲ್ಲಿ ಅಷ್ಟು ದೊಡ್ಡ ಗ್ರಾನೈಟ್ ಗುಂಡು ಸಿಗುವುದಿಲ್ಲ, ಗಾರೆಯೇ ಗತಿ. ಗೆದ್ದಲಿನ ಸಾಲು ಅಂದಾಜುಪಟ್ಟಿಯಲ್ಲಿ ನಿಜಕ್ಕೂ ಇದೆ, ತೆಗೆಸುತ್ತಿದ್ದೇನೆ.

ಎರಡು ಉಳಿದಿವೆ. ಗಿಣಿ ಪಂಜರದ ಗೋಡೆ ಭಾರ ತಡೆಯುವುದಿಲ್ಲ ಎಂದೆನಲ್ಲ, ಅಲ್ಲಿಗಾದರೂ ಫೈಬರ್‌ಗ್ಲಾಸ್ ಆಗಬಹುದೇ? ಚಿಕನ್ ಮೆಷ್ ಜಿಐ, ಅಂದರೆ ಸತುವಿನದು. ಗಿಣಿಗೆ ಸತು ವಿಷ ಎನ್ನುತ್ತಾರೆ. ಇನ್ನೊಂದು, ಮೈಗೆ ಯಾವ ಸೀಲರ್ ಹೊಡೆಯಲಿ?

ವನವೈದ್ಯೆ

ಸತು ವಿಷವೇ. ಮಕಾವ್ ಕೊಕ್ಕು ಗಟ್ಟಿ ಕಾಯಿ ಒಡೆಯುವಂಥದ್ದು, ಜಾಲರಿಯ ತುದಿ ಒಂದು ಇಂಚು ಹೊರಗಿದ್ದರೂ ಕಚ್ಚಿ ಕಚ್ಚಿ ಸತುವಿನ ಪದರ ಕೆರೆದು ತಿನ್ನುತ್ತದೆ. ಮಂಕಾಗುವುದು, ತಿಂದದ್ದು ಕಕ್ಕುವುದು, ಹಿಕ್ಕೆ ಕಡು ಹಸಿರಾಗುವುದು, ಕೊನೆಗೆ ಸೆಳೆತ. ಎಕ್ಸ್‌ರೇಯಲ್ಲಿ ಲೋಹದ ಚೂರು ಕಾಣಬಹುದು. ಗಾರೆಯೊಳಗೆ ಪೂರ್ತಿ ಹುದುಗಿದ ಜಾಲರಿಯಿಂದ ತೊಂದರೆ ಇಲ್ಲ, ಆದರೆ ಬಂಡೆ ಮುಗಿದು ಪಂಜರದ ಕಂಬ ಶುರುವಾಗುವ ಅಂಚಿನಲ್ಲಿ ಜಾಲರಿ ಇಣುಕುವುದು ಸಾಮಾನ್ಯ. ಆ ಅಂಚಿನ ಅರ್ಧ ಅಡಿಗೆ ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲ್) ಜಾಲರಿ ಹಾಕಿಸಿ, ಖರ್ಚು ಹೆಚ್ಚೇನಿಲ್ಲ. ಪಂಜರದ ಹೊರ ಜಾಲರಿ ಹೊಸ ಜಿಐ ಆಗಿದ್ದರೆ ಹಕ್ಕಿ ಬಿಡುವ ಮೊದಲು ವಿನೆಗರ್ ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ತೊಳೆಯಿರಿ. ಬಿಳಿ ಪುಡಿ, ಸತುವಿನ ಹನಿಗಳು ಉದುರಬೇಕು. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಗಾರೆಗಾರ

ಪಂಜರಕ್ಕೆ ರೆಸಿನ್ ಹಾಕಿದ ಫೈಬರ್‌ಗ್ಲಾಸ್ ಬೇಡ, ಜಿಎಫ್‌ಆರ್‌ಸಿ ಹಲಗೆ ಮಾಡಿಸಿ, ಗಾಜಿನ ಎಳೆ ಹಾಕಿದ ಸಿಮೆಂಟ್ ಅದು. ದಪ್ಪ 12-15 ಮಿ.ಮೀ., ಚದರ ಮೀಟರಿಗೆ 25-30 ಕೆ.ಜಿ. ಬರುತ್ತೆ. ಕರಡಿ ಗೋಡೆಯ 75 ಮಿ.ಮೀ. ಗಾರೆ ಚದರ ಮೀಟರಿಗೆ 160 ಕೆ.ಜಿ. ದಾಟುತ್ತೆ. ಹಲಗೆಯ ಭಾರ ಹಳೇ ಗೋಡೆಗೆ ಬಿಡದೆ ನೆಲದಿಂದ ಎದ್ದ ಸ್ಟೀಲ್ ಚೌಕಟ್ಟಿಗೆ ಕೊಡಿ.

ಎಳೆ 'ಎಆರ್ ಗ್ಲಾಸ್' (ಕ್ಷಾರ ತಡೆಯೋ ಗಾಜು) ಅಂತಲೇ ಬರೆಸಿ, ಜಿರ್ಕೋನಿಯಾ 16 ಶೇಕಡಾಕ್ಕೆ ಕಡಿಮೆ ಇರಬಾರದು. ಸಾಮಾನ್ಯ ಇ-ಗ್ಲಾಸ್ ಎಳೆ ಸಿಮೆಂಟಿನ ಕ್ಷಾರಕ್ಕೆ ಕರಗಿ ಹೋಗುತ್ತೆ, ಹಲಗೆ ಹಪ್ಪಳದ ಹಾಗೆ ಮುರಿಯುತ್ತೆ. ಕಲೆಸಿ ಹಾಕೋದಾದರೆ ಒಟ್ಟು ತೂಕದ 3 ಶೇಕಡಾ, ಸ್ಪ್ರೇ ಆದರೆ 5. ಗಿಣಿ ಕಡೆಗಿರೋ ಮೈಗೆ ಎಳೆ ಇಲ್ಲದ ಪದರ 3 ಮಿ.ಮೀ. ಮೊದಲು ಅಚ್ಚಿಗೆ ಹಾಕಿಸಿ. ಇದನ್ನು ತಪ್ಪಿಸಿದರೆ ಕೊಕ್ಕಿಗೆ ಸಿಗೋದು ಗಾಜಿನ ಎಳೆ. ಹಲಗೆ ಹಿಂದೆ ಕೈ ಹೋಗುವಷ್ಟು ಜಾಗ ಮತ್ತು ಒಂದು ಸರ್ವಿಸ್ ಬಾಗಿಲು ಇರಲಿ, ಇಲ್ಲದಿದ್ದರೆ ಇಲಿ, ಜೇನು ಎರಡೂ ಸೇರಿಕೊಳ್ಳುತ್ತವೆ. ನೀರಿನ ಪೈಪ್ ಸೋರಿದರೂ ಅಲ್ಲಿಂದಲೇ ನೋಡಬೇಕು.

ಸೀಲರ್: ನೀರಿನ ಆಧಾರದ ಸೈಲೇನ್-ಸೈಲೋಕ್ಸೇನ್, ಒಳಕ್ಕೆ ಇಂಗೋ ಥರದ್ದು. 28 ದಿನ ಆದ ಮೇಲೆ, ಮೈ ಪೂರ್ತಿ ಒಣಗಿದಾಗ. ಮೂತ್ರ ಇಂಗೋದು ಕಡಿಮೆ ಆಗುತ್ತೆ, ವಾಸನೆಯೂ. ಪೊರೆ ಕಟ್ಟೋ ಅಕ್ರಿಲಿಕ್, ಪಿಯು ಲಕ್ಕರ್ ಯಾವುದೂ ಬೇಡ, ಕೆಳಗಿನ ತೇವಕ್ಕೆ ಹಪ್ಪಳೆ ಎದ್ದು ಪ್ರಾಣಿ ಬಾಯಿಗೆ ಹೋಗುತ್ತೆ. ಬಣ್ಣವನ್ನು ಮೇಲೆ ಬಳಿಯೋ ಬದಲು ಕೊನೇ ಪದರದ ಗಾರೆಗೇ ಬೆರೆಸಿ, ಮೂಟೆಗೆ ಎರಡೂವರೆ ಕೆ.ಜಿ. ಆಕ್ಸೈಡ್, ಅಂದರೆ 5 ಶೇಕಡಾ. ಜಾಸ್ತಿ ಹಾಕಿದರೆ ಬಣ್ಣ ಏರಲ್ಲ, ಗಾರೆ ಬಲ ಇಳಿಯುತ್ತೆ. ಕಪ್ಪು ನೀರಿಳಿದ ಗೆರೆಗಳನ್ನು ಕಷ್ಟಪಟ್ಟು ಬಣ್ಣದಲ್ಲಿ ಬರೆಯೋಕೆ ಹೋಗಬೇಡಿ. ಮಲೆನಾಡಿನ ಅಂಚು ಅಂತೀರಿ, ಒಂದು ಮಳೆಗಾಲ ಸಾಕು.

ಕರಡಿ ಗೋಡೆಯ ಮೇಲ್ತುದಿ ಮರೆಯಬೇಡಿ. ಚೆಂದ ಕಾಣಲಿ ಅಂತ ತುದಿವರೆಗೂ ಸಂದು, ಮೆಟ್ಟಿಲು ಕೆತ್ತಿಬಿಟ್ಟರೆ ಅದೇ ಏಣಿ. ಮೇಲಿನ ಒಂದು ಮೀಟರ್ ನಯವಾಗಿ, ಒಳಮುಖಕ್ಕೆ ಚಾಚಿ ನಿಲ್ಲಬೇಕು, ಉಗುರು ಸಿಕ್ಕಿಸೋ ಗೀರು ಒಂದೂ ಇರಬಾರದು.

ಮಳೆಗಾಲದ ಮೊದಲು ಮತ್ತು ನಂತರ ಸಣ್ಣ ಸುತ್ತಿಗೆಯಿಂದ ಮೈಯೆಲ್ಲ ತಟ್ಟಿ ನೋಡಿ. ಡಬ್ ಅನ್ನೋ ಕಡೆ ಪದರ ಬಿಟ್ಟಿದೆ, ಕಂದು ಕಲೆ ಇಳಿದ ಕಡೆ ಜಾಲರಿ ತುಕ್ಕು. ಬರೀ ಮೇಲೆ ಸವರಿದರೆ ವರ್ಷದೊಳಗೆ ಉದುರುತ್ತೆ. ಗಟ್ಟಿ ಗಾರೆ ಸಿಗೋವರೆಗೆ ಕತ್ತರಿಸಿ, ಅಂಚನ್ನು ಒಳಗೆ ಅಗಲವಾಗಿ ಕೊರೆದು, ತುಕ್ಕು ಜಾಲರಿ ತೆಗೆದು ಹೊಸದು ಕಟ್ಟಿ, ಸಿಮೆಂಟ್ ಹಾಲು ಬಳಿದು ಅದು ಹಸಿ ಇರುವಾಗಲೇ ಗಾರೆ ತುಂಬಿ. ಆ ಜಾಗ 7 ದಿನ ಗೋಣಿಚೀಲದಡಿ ಒದ್ದೆ ಇರಬೇಕು, ಅಷ್ಟೂ ದಿನ ಕರಡಿ ರಾತ್ರಿಮನೆ ಕಡೆಯ ಇನ್ನೊಂದು ಅಂಗಳದಲ್ಲಿರಬೇಕು. ನಿಮ್ಮ ನಕ್ಷೆಯಲ್ಲಿ ಹಾಗೊಂದು ಅಂಗಳ ಇದೆಯಾ, ಈಗಲೇ ನೋಡಿ.